ವಿಳಾಸದಾರ ಮನೆಯಲ್ಲಿಲ್ಲ

ಬಾವಿ ದಾಟುವಾಗ ಅವನು ಸೀಟಿ ಹಾಕುತ್ತಿದ್ದನಂತೆ.

ಇದನ್ನು ಅವನೇ ನನಗೆ ಹೇಳಿದ್ದು... ಒಂದು ಸಲ ಅಲ್ಲ, ನಾಲ್ಕು ಸಲ. ನಾಲ್ಕು ಸಲವೂ ಒಂದಕ್ಷರ ಆಚೀಚೆ ಆಗಲಿಲ್ಲ. ಸುಳ್ಳು ಹೇಳುವವರು ಎರಡನೇ ಸಲಕ್ಕೇ ಬಣ್ಣ ಕಟ್ಟಲು ಶುರು ಮಾಡುತ್ತಾರೆ. ಹಾಗಾಗಿ ನಗುವವರು ಈಗಲೇ ನಕ್ಕು ಮುಗಿಸಿಬಿಡಿ. ನಡುವೆ ಯಾರಾದರೂ ಹಲ್ಲು ಕಿರಿದರೆ ನಾನು ಎದ್ದು ಹೋಗಿ ಮಲಗುತ್ತೇನೆ. ನನಗೂ ಬೆಳಿಗ್ಗೆ ಕೆಲಸವಿದೆ.

ರಾತ್ರಿ ಹನ್ನೊಂದು ಗಂಟೆ. ಅಂಚೆ ಕಚೇರಿಯ ಹಿಂದಿನ ಗೇಟು. ಗೇಟಿನ ಪಕ್ಕ ಒಂದು ಹಳೇ ಬಾವಿ, ಮೊಣಕಾಲೆತ್ತರದ ಕಟ್ಟೆ, ಮೇಲೊಂದು ರಾಟೆ. ಗಿಡಗಳಿಗೆ ನೀರು ಹಾಕಲು ಅಂತ ಹಗ್ಗ, ಬಕೆಟ್ಟು ಇಟ್ಟಿದ್ದರು. ಕಂಕುಳಲ್ಲಿ ಆಲ್ಬಂ ಇಟ್ಟುಕೊಂಡು ಅವನು ಬಂದ. ಚಪ್ಪಲಿ ಜಲ್ಲಿಕಲ್ಲಿನ ಮೇಲೆ ಕರಕ್... ಕರಕ್... ಆಗ ಕೇಳಿಸಿತು.

ಠಪ್... ಠಪ್.

ಎರಡೇ ಏಟು. ಮೊದಲನೆಯದು ಮೆತ್ತಗೆ. ಎರಡನೆಯದು ಗಟ್ಟಿಯಾಗಿ.

ಬೇರೆಯವರಾಗಿದ್ದರೆ ಯಾರೋ ಬಟ್ಟೆ ಒಗೆಯುತ್ತಿದ್ದಾರೆ ಅಂದುಕೊಂಡು ಮುಂದೆ ಹೋಗುತ್ತಿದ್ದರು. ಅವನಿಗೆ ಮಾತ್ರ ತಕ್ಷಣ ಗೊತ್ತಾಯಿತು, ಅದು ಮೊಹರು ಒತ್ತುವ ಸದ್ದು. ಮೊದಲನೇ ಏಟು ಶಾಯಿಯ ಪ್ಯಾಡಿನ ಮೇಲೆ, ಎರಡನೆಯದು ಕಾಗದದ ಮೇಲೆ. ಇಪ್ಪತ್ತೆರಡು ವರ್ಷ ಅದೇ ಸದ್ದಿನ ಪಕ್ಕ ಕೂತು ಊಟ ಮಾಡಿದವನು ಅವನು.

ಸೀಟಿ ನಿಂತಿತು.

ಇಲ್ಲಿ ಸ್ವಲ್ಪ ತಡೀರಿ. ಅವನು ಯಾರು, ಅಷ್ಟು ಹೊತ್ತಲ್ಲಿ ಅಲ್ಲೇನು ಮಾಡುತ್ತಿದ್ದ ಅಂತ ಹೇಳದಿದ್ದರೆ ಮುಂದಿನದರ ತಲೆಬುಡ ನಿಮಗೆ ಗೊತ್ತಾಗುವುದಿಲ್ಲ.

ಅವನು ನಮ್ಮ ದೊಡ್ಡಮ್ಮನ ಮಗ. ಮನೆಯವರೆಲ್ಲ ಗೋಂದಣ್ಣ ಅಂತೀವಿ. ಅಂಚೆ ಕಚೇರಿಯಲ್ಲಿ ಸ್ಟಾಂಪು ಮಾರುವ ಗುಮಾಸ್ತ. ಹಗಲೆಲ್ಲ ಸ್ಟಾಂಪು ಮಾರಿ, ಸಂಜೆ ಮನೆಗೆ ಬಂದು ಸ್ಟಾಂಪು ನೋಡುತ್ತಾ ಕೂರುವ ಪ್ರಾಣಿ. ಕೈಬೆರಳಲ್ಲಿ ಯಾವಾಗಲೂ ಕಚೇರಿಯ ಗೋಂದು ಒಣಗಿ ಸಿಪ್ಪೆ ಎದ್ದಿರುತ್ತಿತ್ತು, ಅದಕ್ಕೇ ಆ ಹೆಸರು. ಮದುವೆಯಲ್ಲಿ ಕೈ ಹಿಡಿದ ಅತ್ತಿಗೆ ಅಂಟಿಕೊಂಡುಬಿಟ್ಟರು, ಇನ್ನು ಬಿಡಿಸೋಕೆ ಆಗಲ್ಲ ಅಂತ ನಾವೆಲ್ಲ ರೇಗಿಸುತ್ತಿದ್ದೆವು. ನಿಜ ಹೇಳಬೇಕೆಂದರೆ ಅಂಟಿಕೊಂಡೇ ಇದ್ದರು ಇಬ್ಬರೂ. ಮಕ್ಕಳಿಲ್ಲ. ಅವನಿಗೆ ಅತ್ತಿಗೆ, ಅತ್ತಿಗೆಗೆ ಅವನು. ಅವನು ಬರುವ ತನಕ ಅತ್ತಿಗೆ ಊಟಕ್ಕೆ ಕೂತದ್ದನ್ನು ನಾನು ನೋಡಿಲ್ಲ.

ಸ್ಟಾಂಪು ಕೂಡಿಸುವುದರಲ್ಲೂ ಅವನದು ಎರಡೇ ದಾರಿ. ಒಂದು ವಿಮಾನ, ಇನ್ನೊಂದು ಅಂಚೆ. ಮೊದಲ ವಿಮಾನ ಅಂಚೆ ಹಾರಿ ಇಷ್ಟು ವರ್ಷ, ಇಂಥ ವಿಮಾನ ನಿಲ್ದಾಣ ತೆರೆದು ಅಷ್ಟು ವರ್ಷ ಅಂತ ಆಗಾಗ ನೆನಪಿನ ಸ್ಟಾಂಪು ಹೊರಡಿಸುತ್ತಾರಲ್ಲ, ಅವೆಲ್ಲ ಅವನ ಹತ್ತಿರ ಇದ್ದವು. ಚೀಲ ಹೊತ್ತು ಓಡುವ ಓಲೆಕಾರ, ಕುದುರೆ ಗಾಡಿ, ಎರಡು ರೆಕ್ಕೆ ಮೇಲೊಂದು ಕೆಳಗೊಂದು ಇರುವ ಹಳೇ ವಿಮಾನ... ಒಂದೊಂದನ್ನೂ ಚಿಮುಟದಲ್ಲಿ ಎತ್ತಿ, ಭೂತಗನ್ನಡಿಯಲ್ಲಿ ಹಲ್ಲು ಎಣಿಸುತ್ತಿದ್ದ. ಹಲ್ಲು ಅಂದರೆ ಸ್ಟಾಂಪಿನ ಅಂಚಿನ ಗರಗಸ. ದಿನಾ ಭೂತಗನ್ನಡಿ ಹಿಡಿದು ಕೂರುವವನಿಗೆ ಭೂತ ಕಾಣದೆ ಇನ್ನೇನು ಕಾಣುತ್ತೆ ಅಂತ ನಾನೇ ಒಂದು ದಿನ ಅಂದಿದ್ದೆ. ಈಗ ಆ ಮಾತು ನೆನೆದರೆ ನಾಲಿಗೆ ಕಚ್ಚಿಕೊಳ್ಳುವ ಹಾಗಾಗುತ್ತೆ. ಅಂದಹಾಗೆ, ಇಷ್ಟೆಲ್ಲ ವಿಮಾನ ಕೂಡಿಸಿದವನು ಒಂದು ಸಲವೂ ವಿಮಾನ ಹತ್ತಿದವನಲ್ಲ.

ಆ ವರ್ಷ ಸ್ಟಾಂಪಿನವರದೇ ಒಂದು ಪ್ರದರ್ಶನ ಇತ್ತು. ಗೋಂದಣ್ಣ ಹದಿನಾರು ಹಾಳೆ ಸಿದ್ಧ ಮಾಡಿದ್ದ. ಒಂದು ಹಾಳೆ ಮಾತ್ರ ಖಾಲಿ. ಬಿದ್ದ ವಿಮಾನದಿಂದ ಸಿಕ್ಕ ಕಾಗದ ಒಂದು ಬೇಕಾಗಿತ್ತು ಅವನಿಗೆ. ವಿಮಾನ ಬಿದ್ದಾಗ ಅದರೊಳಗಿನ ಟಪಾಲು ಚೀಲಗಳನ್ನು ಹುಡುಕಿ ತೆಗೆದು, ಸುಟ್ಟದ್ದೋ ನೆನೆದದ್ದೋ ಹಾಗೇ ಮೊಹರು ಒತ್ತಿ ಜನಕ್ಕೆ ತಲುಪಿಸುತ್ತಾರಂತೆ. ಅಂಥ ಲಕೋಟೆ ಸಿಗುವುದೇ ಅಪರೂಪ. ಆ ಹಾಳೆಗಾಗಿ ಅವನು ಆರು ತಿಂಗಳು ಒದ್ದಾಡಿದ.

ಅದು ಅವನ ಕಾಲ ಬುಡದಲ್ಲೇ ಇತ್ತು. ಕಚೇರಿಯ ಹಳೇ ಕಡತದ ಕೋಣೆಗೆ ಸುಣ್ಣ ಬಳಿಯಲು ಕಪಾಟು ಸರಿಸಿದಾಗ ಗೋಡೆಗೂ ಕಪಾಟಿಗೂ ನಡುವೆ ಸಿಕ್ಕಿತು. ಉಬ್ಬಿ, ಸೆಟೆದು, ಹಳದಿ ಬಣ್ಣಕ್ಕೆ ತಿರುಗಿದ ಲಕೋಟೆ. ಮೇಲೆ ನೇರಳೆ ಶಾಯಿಯಲ್ಲಿ, ವಿಮಾನ ಅಪಘಾತದಲ್ಲಿ ನೆನೆದದ್ದು ಅಂತ ಮೊಹರು. ವಿಳಾಸ ಪೂರ್ತಿ ತೊಳೆದುಹೋಗಿತ್ತು. ಬಲಗಡೆ ಮೂಲೆಯಲ್ಲಿ ಸ್ಟಾಂಪಿದ್ದ ಜಾಗ ಮಾತ್ರ ಬೆಳ್ಳಗೆ ಚೌಕವಾಗಿ ಉಳಿದಿತ್ತು. ಸ್ಟಾಂಪು ನೀರಲ್ಲಿ ಬಿಟ್ಟುಹೋಗಿತ್ತು.

ಚೀಲಗಳಿಗೆ ಅರಗಿನ ಮುದ್ರೆ ಹಾಕುತ್ತಿದ್ದ ಮುದುಕ ಒಬ್ಬ ಇದ್ದ ಅಲ್ಲಿ, ಅರಗಿನ ತಾತ ಅಂತ. ಅವನು ಅದನ್ನು ನೋಡಿದ್ದೇ ಮುಖ ಸಣ್ಣ ಮಾಡಿಕೊಂಡ.

"ಇದು ಇನ್ನೂ ಇದೆಯೇನೋ..." ಅಂದನಂತೆ.

ಆಮೇಲೆ ಹೇಳಿದ. ಅವನು ಕೆಲಸಕ್ಕೆ ಸೇರಿದ ವರ್ಷ ವಿಮಾನ ಕೆರೆಗೆ ಬಿದ್ದಿತ್ತು. ಚೀಲಗಳನ್ನು ಈ ಕಚೇರಿಗೇ ತಂದರು. ಬಾವಿಯ ಸುತ್ತ ಹಗ್ಗ ಕಟ್ಟಿ, ಬಟ್ಟೆ ಒಣಗಿಸುವ ಹಾಗೆ ಕಾಗದಗಳನ್ನು ಒಣಗಿಸಿದರು. ಟಪಾಲು ವಿಂಗಡಿಸುವವನು ಒಬ್ಬ ಇದ್ದ. ಕಿವಿಯ ಮೇಲೆ ಯಾವಾಗಲೂ ನೀಲಿ ಪೆನ್ಸಿಲು. ಅಳಿಸಿಹೋದ ವಿಳಾಸಗಳನ್ನು ದೀಪಕ್ಕೆ ಹಿಡಿದು ಓದಿ, ಅದೇ ಪೆನ್ಸಿಲಲ್ಲಿ ತಿದ್ದಿ ಬರೆದು ಒಂದೊಂದನ್ನೇ ಕಳಿಸಿದ. ಒಂಬತ್ತು ದಿನ ಮನೆಗೆ ಹೋಗಲಿಲ್ಲ. ಕೊನೆಗೆ ಒಂದೇ ಒಂದು ಉಳಿಯಿತು. ಎಷ್ಟು ದೀಪ ಹಿಡಿದರೂ ಒಂದಕ್ಷರ ಕಾಣಲಿಲ್ಲ. ಹತ್ತನೇ ದಿನ ಬೆಳಿಗ್ಗೆ ಅವನು ಬಾವಿಯೊಳಗಿದ್ದ.

ಬಿದ್ದನೋ, ಇಳಿದನೋ... ನಾನು ನೋಡಿಲ್ಲ, ಹೇಳುವುದಿಲ್ಲ.

"ಇಟ್ಕೋ ಬೇಕಾದ್ರೆ," ಅಂದ ತಾತ. "ಆದ್ರೆ ಏನೂ ಅಂಟಿಸ್ಬೇಡ. ಸ್ಟಾಂಪಿಲ್ದೆ ಇದ್ರೆ ಅದು ಬರೀ ಕಾಗದ. ಹಚ್ಚಿದ್ಯೋ, ಅದು ಟಪಾಲು."

ಸ್ಟಾಂಪು ಕೂಡಿಸುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಹಳೇ ಲಕೋಟೆಗೆ ಹೊಸದಾಗಿ ಸ್ಟಾಂಪು ಅಂಟಿಸುವುದು ಅವರಲ್ಲಿ ಮಹಾಪಾಪ. ಬೇರೆಯವರು ಮಾಡಿದರೆ ಗೋಂದಣ್ಣನೇ ಮೂಗು ಮುರಿಯುತ್ತಿದ್ದ. ಆದರೆ ಆ ಬಿಳೀ ಚೌಕ ಅವನ ಕಣ್ಣಿಗೆ ಚುಚ್ಚತೊಡಗಿತು. ಅಳೆದು ನೋಡಿದ. ಹಲ್ಲು ಎಣಿಸಿದ. ವಿಮಾನ ಬಿದ್ದ ವರ್ಷವೇ ಹೊರಡಿಸಿದ, ವಿಮಾನದ ಚಿತ್ರದ ಸ್ಟಾಂಪು ಅದು, ಅನುಮಾನವೇ ಇಲ್ಲ. ಅಂಥದ್ದು ಅವನ ಹತ್ತಿರ ಎರಡಿದ್ದವು, ಎರಡೂ ಬಳಸದವು. ಒಂದು ಹೆಚ್ಚಿಗೆ ಇತ್ತಲ್ಲ, ಅದೇ ಕೆಟ್ಟದ್ದು.

ಆ ರಾತ್ರಿ ಕಚೇರಿಯಲ್ಲಿ ಒಬ್ಬನೇ ಕೂತು ಅಂಟಿಸಿದ. ಸರಿಯಾಗಿ ಕೂತಿತಂತೆ. ಗೋಂದು ಒಣಗುವ ತನಕ ಕಾದ. ಅದಕ್ಕೇ ತಡವಾದದ್ದು.

ಈಗ ಬಾವಿಯ ಹತ್ತಿರ ಬನ್ನಿ.

ಕಟ್ಟೆಯ ಮೇಲೆ ಒಬ್ಬ ಕೂತಿದ್ದ. ಬೆನ್ನು ಈ ಕಡೆ. ಮುಖ ಬಾವಿಯ ಕಡೆ. ಬಲಗೈ ಮೊಣಕೈ ಮಾತ್ರ ಮೇಲೆ ಕೆಳಗೆ ಆಡುತ್ತಿತ್ತು. ಠಪ್... ಠಪ್. ಕಾಲ ಬಳಿ ಒಂದು ಟಪಾಲು ಚೀಲ.

"ಹೆಸರು?" ಅಂದ. ತಿರುಗಲಿಲ್ಲ. ಪಿಸುದನಿ.

ಗೋಂದಣ್ಣ ಹೊಸ ಕಾವಲುಗಾರ ಅಂದುಕೊಂಡ. ತಡವಾಗಿ ಹೊರಡುವವರ ಹೆಸರು, ವಿಳಾಸ ಬರೆದುಕೊಳ್ಳಬೇಕು ಅಂತ ಹಿಂದಿನ ವಾರವಷ್ಟೇ ಆರ್ಡರು ಬಂದಿತ್ತು. ಹಗಲೆಲ್ಲ ಜನರನ್ನು ಅದೇ ಎರಡು ಮಾತು ಕೇಳುವವನು ತಾನು. ಅದೇ ಧಾಟಿಯಲ್ಲಿ ಕೇಳಿದರೆ ಬಾಯಿ ತನ್ನಷ್ಟಕ್ಕೇ ತೆರೆಯಿತು. ಹೆಸರು ಹೇಳಿದ.

"ವಿಳಾಸ?"

ಮನೆ ನಂಬರು, ಬೀದಿ, ಎಲ್ಲ ಹೇಳಿದ.

ಪೆನ್ಸಿಲು ಗೀಚುವ ಸದ್ದು... ಚರಚರ... ಚರಚರ... ಆಮೇಲೆ ಮತ್ತೆ ಠಪ್, ಠಪ್. ಗೋಂದಣ್ಣ, "ಬರ್ತೀನಪ್ಪ" ಅಂತ ಹೇಳಿ ಗೇಟು ದಾಟಿದ. ಬೀದಿಗೆ ಬಂದ ಮೇಲೆ ಹೊಳೆಯಿತು, ಕಾವಲುಗಾರರಿಗೆ ಮೊಹರು ಯಾಕೆ ಅಂತ. ಆದರೆ ತಿರುಗಿ ನೋಡಲಿಲ್ಲ.

ಮನೆ ಎಂಟು ನಿಮಿಷದ ದಾರಿ. ಬಾಗಿಲು ತಟ್ಟಿದ. ಟಕ್ ಟಕ್. ಒಳಗೆ ಅತ್ತಿಗೆಯ ಹೆಜ್ಜೆ, ಚಿಲಕ ಸರಿದ ಸದ್ದು. ಬಾಗಿಲು ತೆರೆಯಿತು.

ಅತ್ತಿಗೆ ಅವನ ಮುಖ ನೋಡಿದರು. ಸೆರಗು ಸರಿಮಾಡಿಕೊಂಡರು.

"ಅವರು ಇನ್ನೂ ಬಂದಿಲ್ಲಪ್ಪ," ಅಂದರು. "ನಾಳೆ ಬನ್ನಿ."

ತಮಾಷೆ ಅಂದುಕೊಂಡು ಅವನು ನಕ್ಕ. ತಡವಾಗಿ ಬಂದದ್ದಕ್ಕೆ ಕೋಪ ಇರಬೇಕು ಅಂತ. "ನಾನು ಕಣೇ, ಸಾಕು, ದಾರಿ ಬಿಡು" ಅನ್ನಲು ಬಾಯಿ ತೆರೆದ. ಅವನ ಬಾಯಿಂದ ಬಂದ ಮಾತು ಒಂದೇ.

"ಪೋಸ್ಟ್!"

"ಗೊತ್ತಾಯ್ತಪ್ಪ. ಅವರಿಲ್ಲ ಅಂದ್ನಲ್ಲ." ಬಾಗಿಲು ಮುಚ್ಚಿತು.

ಮತ್ತೆ ಕೂಗಿದ. ಅತ್ತಿಗೆಯ ಹೆಸರು ಹಿಡಿದು ಕೂಗಿದ. ಪೋಸ್ಟ್. ಅಯ್ಯೋ ಅಂದ. ಪೋಸ್ಟ್. ಪಕ್ಕದ ಮನೆಯ ಕಿಟಕಿಯಿಂದ ಯಾರೋ, "ಹೊತ್ತು ಗೊತ್ತು ಇಲ್ಲ ಇವರಿಗೆ" ಅಂತ ಬೈದು ಕಿಟಕಿ ಎಳೆದುಕೊಂಡರು. ಅವನು ಬೀದಿ ದೀಪದ ಕೆಳಗೆ ಹೋಗಿ ಆಲ್ಬಂ ಬಿಚ್ಚಿದ.

ಲಕೋಟೆ ಇತ್ತು. ಅಷ್ಟು ವರ್ಷ ಖಾಲಿ ಇದ್ದ ಜಾಗದಲ್ಲಿ ನೀಲಿ ಪೆನ್ಸಿಲಲ್ಲಿ ಅವನ ಹೆಸರು, ಅವನ ಮನೆ ನಂಬರು, ಅವನ ಬೀದಿ. ಆಲ್ಬಂ ಅವನ ಕಂಕುಳು ಬಿಟ್ಟು ಹೋಗಿರಲಿಲ್ಲ, ನೆನಪಿರಲಿ. ಸ್ಟಾಂಪಿನ ಮೇಲೆ ದುಂಡನೆ ಮೊಹರು, ಶಾಯಿ ಇನ್ನೂ ಹಸಿ. ಕೆಳಗೆ ಸಣ್ಣಕ್ಷರದಲ್ಲಿ: ವಿಳಾಸದಾರ ಮನೆಯಲ್ಲಿಲ್ಲ. ಒಂದು.

ಈಗ ಅರ್ಥವಾಯಿತಾ ನಿಮಗೆ? ಕಾಗದ ಅವನ ಹೆಸರಿಗೆ. ಅದನ್ನು ಹೊತ್ತು ತಂದವನೂ ಅವನೇ. ತಂದವನು ಹೊರಗೆ ನಿಂತಿರುವ ತನಕ ತಗೊಳ್ಳುವವನು ಒಳಗೆ ಇರುವುದು ಹೇಗೆ? ಬಾಗಿಲಲ್ಲಿ ಎಷ್ಟು ಹೊತ್ತು ನಿಂತರೂ ಅವನು ಮನೆಯಲ್ಲಿ ಇಲ್ಲದವನೇ.

ಹೆದರಿದವನು ನಮ್ಮ ಮನೆ ಕಡೆ ಓಡಿದ. ಎಡಕ್ಕೆ ತಿರುಗಿದ, ಜಲ್ಲಿಕಲ್ಲು ಕರಕ್ ಅಂದಿತು, ಎದುರಿಗೆ ಬಾವಿ. ವಾಪಸ್ ಬಂದು ಬಲಕ್ಕೆ ತಿರುಗಿದ. ಕರಕ್. ಬಾವಿ. ದೊಡ್ಡ ರಸ್ತೆಗೆ ಹೋದ, ಔಷಧಿ ಅಂಗಡಿಯ ದೀಪ ಕಾಣಿಸಿತು, ಇನ್ನೇನು ಮೆಟ್ಟಿಲಿಗೆ ಕಾಲಿಡಬೇಕು... ಕರಕ್. ಊರೆಲ್ಲ ಸುತ್ತಿದರೂ ಅವನಿಗೆ ಉಳಿದದ್ದು ಎರಡೇ ಜಾಗ, ಬಾವಿ ಮತ್ತು ತನ್ನ ಮನೆಯ ಬಾಗಿಲು. ನಡುವೆ ಎಂಟು ನಿಮಿಷದ ದಾರಿ. ಅಷ್ಟೇ.

ಕಟ್ಟೆಯ ಮೇಲಿನವನು ಈಗಲೂ ತಿರುಗಲಿಲ್ಲ.

"ಮೂರು ಸಲ," ಅಂದ.

ಇಲ್ಲಿ ಗೋಂದಣ್ಣನಿಗೆ ಮಾತು ಬಂತಂತೆ. "ಮೂರು ಸಲ ಆದ್ಮೇಲೆ?"

ಅವನು ಕಾಲಿನಿಂದ ಚೀಲವನ್ನು ಸ್ವಲ್ಪ ಮುಂದಕ್ಕೆ ನೂಕಿದ. ಸರ್ರ್... ಒದ್ದೆ ಚೀಲ ಕಲ್ಲಿನ ಮೇಲೆ ಎಳೆದ ಸದ್ದು. ಚೀಲದ ಬಾಯಿ ತೆರೆದಿತ್ತು. ಅರಗಿನ ವಾಸನೆ. ಆಮೇಲೆ ಚೀಲದೊಳಗೆ... ಬಹಳ ಕೆಳಗಿನಿಂದ... ಯಾರೋ ಸಣ್ಣಗೆ ಕೆಮ್ಮಿದರು.

ಗೋಂದಣ್ಣ ಅಲ್ಲಿಂದ ಹೇಗೆ ಓಡಿದನೋ ಅವನಿಗೇ ಗೊತ್ತಿಲ್ಲ.

ಎರಡನೇ ಸಲ ಮುಂಬಾಗಿಲಿಗೆ ಹೋಗಲಿಲ್ಲ. ಹಿತ್ತಿಲ ಕಡೆಯಿಂದ ಅಡುಗೆಮನೆ ಕಿಟಕಿಗೆ ಹೋದ. ಅತ್ತಿಗೆ ನೆಲದ ಮೇಲೆ ಕೂತಿದ್ದರು. ಎರಡು ತಟ್ಟೆ, ಎರಡನ್ನೂ ಮುಚ್ಚಿಟ್ಟಿದ್ದರು. ಗಡಿಯಾರ ನೋಡುತ್ತಿದ್ದರು. ಅವನು ಸರಳು ಹಿಡಿದು ನಿಂತ. ಆ ಕ್ಷಣಕ್ಕೆ, ಸತ್ತರೂ ಪರವಾಗಿಲ್ಲ, ಒಂದು ಸಲ ಹೆಸರು ಹಿಡಿದು ಕರೆಯಲಿ ಅನ್ನಿಸಿತಂತೆ. ಇದನ್ನು ಹೇಳುವಾಗ ನಾಲ್ಕು ಸಲವೂ ಅವನು ಅತ್ತಿದ್ದಾನೆ.

ಅತ್ತಿಗೆ ಬೆಚ್ಚಿ ಎದ್ದರು. "ಇಲ್ಲಿಗ್ಯಾಕೆ ಬಂದ್ರಿ? ಅಷ್ಟು ಅರ್ಜೆಂಟಿನ ಕಾಗದಾನಾ?"

"ಪೋಸ್ಟ್," ಅಂದ ಇವನು.

"ಸರಿ, ಕೊಡಿ ಇಲ್ಲಿ. ನಾನೇ ಸಹಿ ಹಾಕಿ ತಗೋತೀನಿ. ಅವರು ಬಂದ್ಮೇಲೆ ಕೊಟ್ರಾಯ್ತು." ಸರಳಿನ ನಡುವೆ ಕೈ ಚಾಚಿದರು.

ನೋಡಿ, ದಾರಿ ಇತ್ತು. ಮನೆಯವರು ಸಹಿ ಹಾಕಿ ತಗೊಳ್ಳಬಹುದು, ಅದು ಕಾನೂನೇ. ಕೊಟ್ಟಿದ್ದರೆ ಅವನ ಕೈ ಖಾಲಿ. ಲಕೋಟೆ ಅತ್ತಿಗೆಯ ಬೆರಳಿಗೆ ತಾಗುವಷ್ಟು ಹತ್ತಿರ ಹೋಯಿತು. ಆಗ ಅವನಿಗೆ ಆ ಕೆಮ್ಮು ನೆನಪಾಯಿತು. ಯಾರ ಸಹಿ ಬೀಳುತ್ತೋ ಚೀಲ ಅವರನ್ನೂ ಕೇಳಿದರೆ? ಹಾಗಾಗುತ್ತೆ ಅಂತ ಯಾರೂ ಹೇಳಿರಲಿಲ್ಲ. ಆಗಲ್ಲ ಅಂತಲೂ ಯಾರೂ ಹೇಳಿರಲಿಲ್ಲ.

ಕೈ ಹಿಂದಕ್ಕೆ ಎಳೆದುಕೊಂಡ.

"ಇದೊಳ್ಳೆ ಕತೆಯಾಯ್ತಲ್ಲ," ಅಂತ ಗೊಣಗಿ ಅತ್ತಿಗೆ ಕಿಟಕಿ ಹಾಕಿಕೊಂಡರು.

ಲಕೋಟೆಯ ಮೇಲೆ ಎರಡನೇ ಸಾಲು ಬಂದಿತ್ತು. ವಿಳಾಸದಾರ ಮನೆಯಲ್ಲಿಲ್ಲ. ಎರಡು.

ಇನ್ನೊಂದೇ ಉಳಿದದ್ದು. ಬಾವಿಯ ಹತ್ತಿರ ಬರುವಷ್ಟರಲ್ಲಿ ಅವನಿಗೆ ಒಂದು ಉಪಾಯ ಹೊಳೆದಿತ್ತು. ಅರಗಿನ ತಾತ ಹೇಳಿದ್ದ ಮಾತಿನಲ್ಲೇ ಇತ್ತು ಅದು. ಸ್ಟಾಂಪು ಹಚ್ಚಿದರೆ ಟಪಾಲು. ಸ್ಟಾಂಪು ಇಲ್ಲದಿದ್ದರೆ ಬರೀ ಕಾಗದ. ಸ್ಟಾಂಪು ಬಿಡಿಸುವುದು ಅವನ ಕೈಗೆ ಗೊತ್ತಿದ್ದ ಕೆಲಸ ತಾನೇ, ಸಾವಿರಾರು ಬಿಡಿಸಿದ್ದ.

ಅದು ಹೇಗೆ ಅಂತ ನಿಮಗೆ ಗೊತ್ತಾ? ನೀರಿನಲ್ಲಿ ನೆನೆಸಿಡಬೇಕು. ಆಮೇಲೆ ಕಾಯಬೇಕು. ಬರೀ ಕಾಯಬೇಕು. ಉಗುರು ಹಾಕಬಾರದು, ಎಳೆಯಬಾರದು. ಗೋಂದು ಕರಗಿ ಸ್ಟಾಂಪು ತಾನೇ ಬಿಟ್ಟುಕೊಂಡು ಬರಬೇಕು. ಅವಸರ ಮಾಡಿದರೆ ಸೀಳಿ ಅರ್ಧ ಲಕೋಟೆಯಲ್ಲೇ ಉಳಿಯುತ್ತದೆ. ಅರ್ಧ ಉಳಿದರೂ ಅದು ಟಪಾಲೇ. ಬಿಸಿನೀರಾದರೆ ಹತ್ತು ನಿಮಿಷ ಸಾಕು. ತಣ್ಣೀರಿಗೆ, ಅದೂ ಆ ಕಚೇರಿಯ ಗೋಂದಿಗೆ... ಮುಕ್ಕಾಲು ಗಂಟೆಯಾದರೂ ಬೇಕು.

ಕಟ್ಟೆಯ ಆ ತುದಿಯಲ್ಲಿ ಅವನು ಬೆನ್ನು ಮಾಡಿ ಕೂತೇ ಇದ್ದ. ಈ ತುದಿಯಲ್ಲಿ ಗೋಂದಣ್ಣ ಬಕೆಟ್ಟು ಇಳಿಬಿಟ್ಟ. ರಾಟೆ ಕೀಂಯ್... ಕೀಂಯ್... ಅಂದಿತು. ಕೆಳಗೆ ಗುಳುಕ್. ಸೇದಿಕೊಂಡು ಮೆಲ್ಲಗೆ ಲಕೋಟೆಯನ್ನು ನೀರಿಗೆ ಬಿಟ್ಟ. ಬಕೆಟ್ಟಿನ ಪಕ್ಕ ಕುಕ್ಕರಗಾಲಲ್ಲಿ ಕೂತ.

ಠಪ್... ಠಪ್.

ಒಂದೊಂದು ಏಟಿಗೂ ಬಕೆಟ್ಟಿನ ನೀರು ಸಣ್ಣಗೆ ನಡುಗುತ್ತಿತ್ತು. ಕೈ ಸ್ಟಾಂಪಿನ ಮೂಲೆಗೆ ಹೋಗುತ್ತಿತ್ತು, ಇನ್ನೊಂದು ಕೈಯಲ್ಲಿ ಆ ಕೈ ಹಿಡಿದುಕೊಳ್ಳುತ್ತಿದ್ದ. ಎಣಿಸತೊಡಗಿದ. ನೂರು. ಇನ್ನೂರು. ಐನೂರು. ಬಾಗಿಲಿಲ್ಲ, ಬೀಗವಿಲ್ಲ, ತಲೆ ಮೇಲೆ ಆಕಾಶ ಹಾಗೇ ತೆರೆದಿದೆ. ಆದರೂ ಉಸಿರು ಕಟ್ಟಿದ ಹಾಗೆ, ಗೋಡೆಗಳೆಲ್ಲ ಹತ್ತಿರ ಬಂದ ಹಾಗೆ ಅನ್ನಿಸಿತು ಅಂದ. ಸಾವಿರದ ಇನ್ನೂರರ ಹತ್ತಿರ ಸದ್ದು ನಿಂತಿತು.

ತಲೆ ಎತ್ತಿ ನೋಡಿದ. ಕಟ್ಟೆಯ ಮೇಲೆ ಯಾರೂ ಇಲ್ಲ. ಚೀಲ ಇತ್ತು. ಬರಿದಾಗಿ, ಚಪ್ಪಟೆಯಾಗಿ ಬಿದ್ದಿತ್ತು.

ಗೆದ್ದೆ ಅಂದುಕೊಂಡ ಪಾಪ. ಆದರೂ ಅವಸರ ಮಾಡಲಿಲ್ಲ, ಅಷ್ಟು ಗಟ್ಟಿ ಮನುಷ್ಯ. ಎರಡು ಸಾವಿರದ ಒಂಬೈನೂರಕ್ಕೆ ಸ್ಟಾಂಪಿನ ಒಂದು ಮೂಲೆ ಎದ್ದಿತು. ಆಮೇಲೆ ಇನ್ನೊಂದು. ಆಮೇಲೆ ಇಡೀ ಸ್ಟಾಂಪು, ಒಂದು ಹಲ್ಲೂ ಮುರಿಯದೆ, ನೀರಿನ ಮೇಲೆ ತೇಲಿ ಬಂತು. ನೀಲಿ ಅಕ್ಷರ ಎಲ್ಲ ಕರಗಿ ಹೋಯಿತು. ಖಾಲಿ ಲಕೋಟೆ.

ಓಡಿದ. ಈ ಸಲ ದಾರಿಯಲ್ಲಿ ನಾಯಿ ಬೊಗಳಿತು, ದೂರದಲ್ಲಿ ಲಾರಿ ಹೋಯಿತು. ಲೋಕದ ಸದ್ದುಗಳೆಲ್ಲ ವಾಪಸ್ ಬಂದಿದ್ದವು. ಬಾಗಿಲು ತಟ್ಟಿದ. ಟಕ್ ಟಕ್. ಚಿಲಕ ಸರಿಯಿತು. ಅತ್ತಿಗೆಯ ಮುಖದಲ್ಲಿ ನಗು ಇತ್ತು, ಬಾಯಲ್ಲಿ ತುತ್ತು.

ಅವನು ಬಾಯಿ ತೆರೆಯುವ ಮೊದಲೇ ಅವರು ಅಂದರು:

"ಅಯ್ಯೋ, ಆಗ್ಲೇ ಕೊಟ್ಟು ಹೋದ್ರಲ್ಲಪ್ಪ. ಅವರು ಬಂದ್ರು. ಅವರೇ ಸಹಿ ಹಾಕಿ ತಗೊಂಡ್ರು."

ಒಳಗಿನಿಂದ ಒಂದು ದನಿ ಕೇಳಿತು. "ಯಾರೇ ಅದು?"

ಅವನದೇ ದನಿ.

"ಅದೇ ರೀ, ಪೋಸ್ಟಿನೋರು."

"ಇಷ್ಟೊತ್ತಲ್ಲಾ? ಬಾಗಿಲು ಹಾಕ್ಕೊಂಡು ಬಾ, ಅನ್ನ ಆರುತ್ತೆ."

ಕಟಕ್.

ನಮ್ಮ ಮನೆಗೆ ಅವನು ಬಂದದ್ದು ಬೆಳಗಿನ ಜಾವ ನಾಲ್ಕೂವರೆಗೆ. ಬಾಗಿಲು ತೆಗೆದವಳು ನಾನು. ಅವಸರದ ಹೊಲಿಗೆ ಇತ್ತು, ಮಷೀನಿನ ಮುಂದೆ ಎಚ್ಚರವಾಗೇ ಇದ್ದೆ. ನನಗೆ ಅವನು ಗೋಂದಣ್ಣನಾಗಿಯೇ ಕಂಡ. ನಮ್ಮ ವಿಳಾಸವನ್ನು ಅವನು ಕೊಟ್ಟಿರಲಿಲ್ಲವಲ್ಲ, ಅದಕ್ಕಿರಬೇಕು. ಬೇರೆ ಕಾರಣ ನನಗೆ ಗೊತ್ತಿಲ್ಲ. "ಸೂಜಿ..." ಅಂದ. ಚಿಕ್ಕಂದಿನಿಂದ ನನ್ನನ್ನು ಅವನು ಕರೆಯುವುದೇ ಹಾಗೆ. ಅಷ್ಟು ಅಂದು ಹೊಸ್ತಿಲೊಳಗೆ ಕುಸಿದ.

ಕತೆ ಕೇಳಿ ನಾನು ನಂಬಲಿಲ್ಲ. ನಂಬುವ ಜಾತಿಯವಳಲ್ಲ ನಾನು. ಅವನನ್ನು ಹಿಂದಿನ ಕೋಣೆಯಲ್ಲಿ ಮಲಗಿಸಿ, ಬೆಳಗಾದ ಮೇಲೆ ನೆಟ್ಟಗೆ ಅವನ ಮನೆಗೆ ಹೋದೆ. ಬಾಗಿಲು ತೆರೆದಿತ್ತು. ಗೋಂದಣ್ಣ ಕನ್ನಡಿ ಮುಂದೆ ಗಡ್ಡ ಹೆರೆದುಕೊಳ್ಳುತ್ತಿದ್ದ. "ಏನೇ ಸೂಜಿ, ಬೆಳಿಗ್ಗೇನೇ?" ಅಂದ. ಅತ್ತಿಗೆ ಕಾಫಿ ಕೊಟ್ಟರು. ಕುಡಿದೆ. ಮನೆಗೆ ಓಡಿ ಬಂದು ಹಿಂದಿನ ಕೋಣೆ ಬಾಗಿಲು ನೂಕಿದೆ. ಗೋಂದಣ್ಣ ಗೋಡೆಗೆ ಒರಗಿ ಕೂತಿದ್ದ.

"ನೋಡಿದ್ಯಾ?" ಅಂದ.

"ನೋಡ್ದೆ."

"ಚೆನ್ನಾಗಿದ್ದಾಳಾ ಅವಳು?"

ಅವನು ಕೇಳಿದ್ದು ಇಷ್ಟೇ. ನಾನು ಹೂಂ ಅಂದೆ.

ಕೈ ಹಿಡಿದು ಅವನನ್ನು ಮನೆಗೆ ಕರಕೊಂಡು ಹೋಗಲು ನೋಡಿದೆ, ಎರಡು ಸಲ. ನಮ್ಮ ಹೊಸ್ತಿಲು ದಾಟಿದ್ದೇ ತಡ, ಎದುರು ಮನೆಯಾಕೆ, "ನಮಗೇನಾದ್ರೂ ಬಂದಿದೆಯಾಪ್ಪ?" ಅಂತ ಅವನನ್ನೇ ಕೇಳಿದರು. ಆಮೇಲೆ ಅವನು ಹೊರಗೆ ಬರುವುದನ್ನೇ ಬಿಟ್ಟ. ಒಂದು ವರ್ಷ ನಾಲ್ಕು ತಿಂಗಳಾಯಿತು. ಆ ಕೋಣೆಯಲ್ಲಿ ಒಂದು ಕಿಟಕಿ ಇದೆ. ಅದರಿಂದ ನಮ್ಮ ಬಚ್ಚಲ ಗೋಡೆ ಕಾಣುತ್ತೆ.

ಇನ್ನೊಬ್ಬ ದಿನಾ ಕಚೇರಿಗೆ ಹೋಗುತ್ತಾನೆ. ಒಳ್ಳೆಯವನೇ. ನನಗೇನೂ ತಪ್ಪು ಕಾಣಿಸಿಲ್ಲ.

ಹೋದ ತಿಂಗಳು ಅತ್ತಿಗೆ ಒಂದು ಅಂಗಿ ತಂದುಕೊಟ್ಟರು. ಕಾಲರು ಸವೆದಿತ್ತು, ತಿರುಗಿಸಿ ಹೊಲಿದುಕೊಡು ಅಂದರು. ಗೀಟಿನ ಅಂಗಿ, ನಾನೇ ಹೊಲಿದದ್ದು. ಅವರು ಹೋದ ಮೇಲೆ ಅದನ್ನು ಮಷೀನಿನ ಮೇಲೆ ಹರಡಿ ಹಾಗೇ ನಿಂತುಬಿಟ್ಟೆ. ಯಾಕೆಂದರೆ ಅದೇ ಅಂಗಿ ಹಿಂದಿನ ಕೋಣೆಯ ಮೊಳೆಗೆ ನೇತುಹಾಕಿತ್ತು. ಆ ರಾತ್ರಿ ಅವನು ತೊಟ್ಟು ಬಂದದ್ದು. ಅದನ್ನೂ ತಂದು ಪಕ್ಕದಲ್ಲಿಟ್ಟೆ. ಒಂದೇ ಬಟ್ಟೆ, ಒಂದೇ ಗುಂಡಿ. ಕಾಲರು ಸವೆದದ್ದೂ ಒಂದೇ ಕಡೆ. ಎಡಜೇಬು ಹೊಲಿಯುವಾಗ ಅವತ್ತು ನಾನು ತಪ್ಪು ಮಾಡಿ, ಬಿಚ್ಚಿ, ಮತ್ತೆ ಹೊಲಿದಿದ್ದೆ. ಬಿಚ್ಚಿದ ಕಡೆ ಹಳೇ ಸೂಜಿಯ ತೂತು ಉಳಿದಿರುತ್ತೆ, ಬೆಳಕಿಗೆ ಹಿಡಿದರೆ ಕಾಣುತ್ತೆ. ಇದರಲ್ಲಿ ಹನ್ನೊಂದು. ಅದರಲ್ಲೂ ಹನ್ನೊಂದು.

ಗೋಂದಣ್ಣ ಬಂದು ಹಿಂದೆ ನಿಂತಿದ್ದ. ಬಹಳ ಹೊತ್ತು ಎರಡನ್ನೂ ನೋಡಿದ.

"ಸೂಜಿ," ಅಂದ. "ನನ್ನದನ್ನ ಕಳಿಸು. ಅದಾದ್ರೂ ಮನೆಗೆ ಹೋಗ್ಲಿ."

ಅವನದ್ದನ್ನೇ ಸರಿಮಾಡಿ, ಇಸ್ತ್ರಿ ಮಾಡಿ ಕಳಿಸಿದೆ.

ಮೂರನೇ ದಿನ ಅತ್ತಿಗೆ ಬಂದರು. ಅಂಗಿ ಮಡಿಚಿದ್ದು ಮಡಿಚಿದ ಹಾಗೇ ಇತ್ತು. ಮಷೀನಿನ ಮೇಲಿಟ್ಟರು. "ಯಾರದ್ದೋ ಬದಲಾಗಿ ಬಂದಿದೆ ಕಣೇ," ಅಂದರು. "ಇದು ಅವರದ್ದಲ್ಲ."

"ಅತ್ತಿಗೆ, ಸರಿಯಾಗಿ ನೋಡಿ..."

"ಏನೇ ನೋಡೋದು? ಹತ್ತೊಂಬತ್ತು ವರ್ಷ ಒಗ್ದಿದ್ದೀನಿ. ನನ್ನ ಗಂಡನ ಅಂಗಿ ನಂಗೆ ಗೊತ್ತಾಗಲ್ವಾ?"

ಹಿಂದಿನ ಕೋಣೆಯ ಬಾಗಿಲು ಒಂದು ಬೆರಳಷ್ಟು ತೆರೆದಿತ್ತು. ಅತ್ತಿಗೆ ಹೋದ ಮೇಲೆ ಅದು ಮೆಲ್ಲಗೆ ಮುಚ್ಚಿಕೊಂಡಿತು.

ಇನ್ನೊಂದನ್ನೂ ನಾನು ಕೊಡಲಿಲ್ಲ, ಇಸ್ತ್ರಿ ಮಾಡುವಾಗ ಸುಟ್ಟುಹೋಯಿತು ಅಂತ ಸುಳ್ಳು ಹೇಳಿ ಹೊಸದು ಹೊಲಿದುಕೊಟ್ಟೆ. ಎರಡೂ ನನ್ನ ಮಷೀನಿನ ಕೆಳಗಿನ ಡಬ್ಬಿಯಲ್ಲಿವೆ. ನಂಬದವರು ಬೆಳಿಗ್ಗೆ ಬನ್ನಿ, ಬೆಳಕಿಗೆ ಹಿಡಿದು ತೂತು ಎಣಿಸಿ. ನನ್ನ ಲೆಕ್ಕದ ಪುಸ್ತಕವನ್ನೂ ತೋರಿಸುತ್ತೇನೆ. ಆ ಬಟ್ಟೆಯಲ್ಲಿ ನಾನು ಹೊಲಿದದ್ದು ಒಂದೇ ಅಂಗಿ.